ಸೌಡತ್ತೆಯ ಪಕ್ಕದ ಕುರ್ಚಿ

ಸೌಡತ್ತೆ ಯಾರನ್ನೇ ಆಗಲಿ ಮೊದಲು ನೋಡುತ್ತಿದ್ದುದು ಕಾಲನ್ನು. ಹೆಣ್ಣು ನೋಡಲು ಬಂದ ಗಂಡಿನ ಕಾಲು, ಹಾಲಿನವನ ಕಾಲು, ತುಡಿಯಲೂರಿನ ನಮ್ಮ ಬೀದಿಗೆ ಓಟು ಕೇಳಲು ಬಂದವರ ಕಾಲು. ಆಮೇಲೆ ನಿಧಾನವಾಗಿ ಮುಖಕ್ಕೆ ಬರುತ್ತಿದ್ದರು. "ಮುಖ ನಾಟಕ ಆಡ್ತದೆ ಕಣ್ಣು, ಕಾಲಿಗೆ ಆ ಬುದ್ಧಿ ಇಲ್ಲೆ" ಎನ್ನುತ್ತಿದ್ದರು. ಕಣ್ಣು ಎಂದರೆ ನಾನು, ಮುದ್ದಿಗೆ ಹಾಗೆ ಕರೆಯುತ್ತಿದ್ದರು.

ಅವರು ನನ್ನ ಅಪ್ಪನ ಅಕ್ಕ. ಇಟ್ಟದ್ದು ಮನೆದೇವರು ಚೌಡೇಶ್ವರಿಯ ಹೆಸರು. ಊರವರ ತಮಿಳು ಬಾಯಲ್ಲಿ ಅದು ಸೌಡಮ್ಮ ಆಯಿತು. ತಾತ ಸಿರುಮುಗೈಯ ಮಗ್ಗ ಬಿಟ್ಟು ಕೊಯಮತ್ತೂರಿನ ಹಳೆಯ ಕ್ಲಬ್ಬೊಂದರಲ್ಲಿ ಮಾರ್ಕರ್ ಆಗಿದ್ದರು. ಅಂದರೆ, ಜೊತೆಗಾರ ಸಿಗದ ಸದಸ್ಯರಿಗೆ ಎದುರು ನಿಂತು ಟೆನಿಸ್ ಆಡುವ ಕೆಲಸ. ಕ್ಲಬ್ಬಿಗೆ ರಜೆಯಿದ್ದ ದಿನ ಅಲ್ಲಿನ ಹುಲ್ಲಿನ ಕೋರ್ಟಿನಲ್ಲೇ ಮಗಳಿಗೂ ಕಲಿಸಿದರು. ಬಿಳಿಯರ ಕಾಲದಿಂದ ನಡೆದುಬಂದ ಟೂರ್ನಿಯನ್ನು ಮಾರ್ಕರನ ಮಗಳು ಗೆದ್ದಳು. ಕೆಲವರಿಗೆ ಕಾಫಿ ಕಹಿಯಾಯಿತು.

ಮರುವರ್ಷವೂ ಅತ್ತೆ ಫೈನಲ್ ತಲುಪಿದರು. ಎದುರಿಗೆ ಗಿರಣಿ ಮಾಲೀಕರ ಮನೆಯ ವಸಂತಮಣಿ. ಗೆಲ್ಲಲು ಒಂದೇ ಪಾಯಿಂಟ್ ಬಾಕಿ ಇದ್ದಾಗ ಅತ್ತೆ ಹೊಡೆದ ಚೆಂಡು ಗೆರೆಯ ಮೇಲೆ ಬಿತ್ತು. ಹುಲ್ಲಿನ ಕೋರ್ಟಿಗೆ ಸುಣ್ಣದ ಗೆರೆ. ಚೆಂಡು ತಾಗಿದರೆ ಪುಡಿ ಹಾರುತ್ತದೆ. ಅಂದೂ ಹಾರಿತು. ಹುಲ್ಲು ತಾಗಿ ಹಸಿರಾಗಿದ್ದ ವಸಂತಮಣಿಯ ಷೂ ಮೇಲೆ ಬೆಳ್ಳಗೆ ಕೂತಿತು. ಗೆರೆ ಕಾಯಲು ಕೂತಿದ್ದ ಮಹಾನುಭಾವರು ಆಗ ಎಲ್ಲಿ ನೋಡುತ್ತಿದ್ದರೋ, "ಔಟ್" ಎಂದುಬಿಟ್ಟರು. ವಸಂತಮಣಿ ತಲೆ ಬಗ್ಗಿಸಿ ತನ್ನ ಕಾಲು ನೋಡಿಕೊಂಡಳು, ಷೂವನ್ನು ಹುಲ್ಲಿಗೆ ಉಜ್ಜಿದಳು, ತುಟಿ ಬಿಚ್ಚದೆ ಆಟ ಮುಂದುವರಿಸಿದಳು. ಬಹುಮಾನದ ಕಪ್ ಅವಳ ಮನೆಗೆ ಹೋಯಿತು.

ಔಟ್ ಎಂದವರನ್ನು ಅತ್ತೆ ಆಗಲೇ ಕ್ಷಮಿಸಿದರು. ಆ ಉಜ್ಜಿದ ಕಾಲನ್ನು ಮಾತ್ರ ಸಾಯುವವರೆಗೂ ಕ್ಷಮಿಸಲಿಲ್ಲ. "ಅವ್ಳು ಮನ್ನಿಪ್ಪು ಗಿನ್ನಿಪ್ಪು ಕೇಳೋದು ಬೇಡ. 'ಆ ಬಾಲ್ ಇನ್' ಅಂತ ಒಂದ್ ಮಾತು ಹೇಳ್ಲಿ, ಸಾಕು. ನಾಕು ಜನದ ಮುಂದೆ, ಜೋರಾಗಿ. ಅಲ್ಲಿವರ್ಗೂ ನಾ ಬಿಡೋದಿಲ್ಲೆ."

ಬಿಡಲೂ ಇಲ್ಲ. ಹಳೆಯ ಚಾಂಪಿಯನ್ನರಿಗೆ ಮೊದಲ ಸಾಲಿನಲ್ಲಿ, ಗೆದ್ದ ವರ್ಷದ ಕ್ರಮದಲ್ಲಿ ಕುರ್ಚಿ ಹಾಕುವುದು ಆ ಟೂರ್ನಿಯ ಪದ್ಧತಿ. ಹೀಗಾಗಿ ಪ್ರತಿ ವರ್ಷವೂ ಅತ್ತೆಯ ಪಕ್ಕದ ಕುರ್ಚಿ ವಸಂತಮಣಿಯದೇ. ಅತ್ತೆ ಕುನ್ನತ್ತೂರಿನಲ್ಲಿ ಸ್ವಂತ ನಾದಿನಿಯ ಮಗಳ ಮದುವೆ ಬಿಟ್ಟರು, ಫೈನಲ್ ಬಿಡಲಿಲ್ಲ. ಆಟದಲ್ಲಿ ಸುಣ್ಣ ಹಾರಿದಾಗಲೆಲ್ಲ ಪಕ್ಕಕ್ಕೆ ವಾಲಿ, ಆಕೆಯ ಕಿವಿಯ ಹತ್ತಿರ "ಇನ್" ಎನ್ನುವುದು. ಮತ್ತೆ ನೆಟ್ಟಗೆ ಕೂತು ಕಡಲೆಕಾಯಿ ಬಿಡಿಸುವುದು. ತನ್ನ ಕುರ್ಚಿಯನ್ನು ಬೇರೆ ಕಡೆ ಹಾಕಿಸಿ ಎಂದು ವಸಂತಮಣಿ ಒಮ್ಮೆ ಕೇಳಿದರಂತೆ. ಕ್ರಮ ತಪ್ಪಿಸುವಂತಿಲ್ಲ ಎಂದರಂತೆ ಕಾರ್ಯದರ್ಶಿ. ಆ ಕ್ಲಬ್ಬಿನ ಮೇಲೆ ಅತ್ತೆಗೆ ಗೌರವ ಹುಟ್ಟಿದ್ದು ಅಂದೇ.

ಅತ್ತೆ ಆಟದ ಟೀಚರಾಗಿದ್ದ ಶಾಲೆಯಲ್ಲೇ ನಾನು ಓದಿದ್ದು. ಒಂದು ವರ್ಷ ಕ್ರೀಡಾದಿನಕ್ಕೆ ವಸಂತಮಣಿಯೇ ಮುಖ್ಯ ಅತಿಥಿ. ಭಾಷಣದ ವಿಷಯ, ಆಟದಲ್ಲಿ ಪ್ರಾಮಾಣಿಕತೆ. ಹಿಂದಿನ ದಿನ ಇದನ್ನು ತಿಳಿದ ಅತ್ತೆ ಮನೆಗೆ ಬಂದು ಎರಡು ಲೋಟ ನೀರು ಕುಡಿದರು. ಮರುದಿನ ಮೈದಾನದ ಗೆರೆಗಳನ್ನು ಯಾರಿಗೂ ಬಿಡದೆ ತಾವೇ ಎಳೆದರು. ವೇದಿಕೆಯ ಮೆಟ್ಟಿಲ ಮುಂದೆ ಮಾತ್ರ ಸುಣ್ಣದ ಪುಡಿಯನ್ನು ಬೊಗಸೆ ಬೊಗಸೆ ಸುರಿದು, ದಾಟಿಹೋಗಲು ಜಾಗವೇ ಇಲ್ಲದಂತೆ ಮಾಡಿದರು. ವಸಂತಮಣಿ ಕಪ್ಪು ಚಪ್ಪಲಿ ಹಾಕಿಕೊಂಡು ಬಂದರು, ಸುಣ್ಣ ತುಳಿದು ಮೇಲೆ ಹತ್ತಿದರು. ಪ್ರಾಮಾಣಿಕತೆ ಎಂಬ ಮಾತು ಬಾಯಿಗೆ ಬರುವ ಹೊತ್ತಿಗೆ ಸರಿಯಾಗಿ ಅತ್ತೆ ಪಕ್ಕದ ಮೈಕಿನಲ್ಲಿ, ಬಹಳ ವಿನಯದಿಂದ, "ಮೇಡಂ, ಕಾಲ್ಲ ಸುಣ್ಣಾಂಬು" ಎಂದರು.

ಆಕೆ ತಲೆ ಬಗ್ಗಿಸಿದರು. ಕಾಲನ್ನು ಜಮಖಾನೆಗೆ ಉಜ್ಜಿದರು. ಮಕ್ಕಳು ಸುಮ್ಮನೆ ನಕ್ಕವು. ಆಕೆ ಉಜ್ಜಿದ್ದು ಯಾವ ಸುಣ್ಣವನ್ನು ಎಂದು ಮಕ್ಕಳಲ್ಲಿ ನನಗೆ ಮಾತ್ರ ಗೊತ್ತಿತ್ತು. ಭಾಷಣ ಅಲ್ಲಿಗೇ ಮುಗಿಯಿತು. ಆದರೂ ಸಂಜೆ ಅತ್ತೆಯ ಮುಖ ಸಪ್ಪಗಿತ್ತು. "ಉಜ್ಜಿದ್ಳು ಕಣ್ಣು, ಹೇಳ್ಲಿಲ್ಲೆ" ಎಂದರು. ಅವರ ಸೇಡು ನನ್ನದೂ ಆದದ್ದು ಆ ಸಂಜೆಯೇ.

ಹೋದ ವರ್ಷ, ಟೂರ್ನಿಗೆ ಇನ್ನೂ ಒಂದು ವಾರವಿರುವಾಗ ಅತ್ತೆ ನಿದ್ದೆಯಲ್ಲೇ ಹೋದರು. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದೆವು. ಮಧ್ಯಾಹ್ನ ಕಾರೊಂದು ಬಂದು ನಿಂತಿತು. ಇಳಿದವರ ಮುಖ ನೋಡುವ ಮೊದಲೇ ನಾನು ಕಾಲು ನೋಡಿದೆ. ಚಪ್ಪಲಿ ಬಿಟ್ಟು, ಕೋಲು ಊರಿಕೊಂಡು ಒಳಗೆ ಬಂದರು ವಸಂತಮಣಿ. ಪೆಟ್ಟಿಗೆಯ ಹತ್ತಿರ ಬಾಗಿ, ತಮಿಳಿನಲ್ಲಿ, ತುಟಿಯಷ್ಟೇ ಅಲುಗುವಂತೆ, "ಸೌಡಾ, ಆ ಬಾಲ್ ಇನ್" ಎಂದರು.

ಅಳುತ್ತಿದ್ದವಳು ನಾನು, ಅಳು ನಿಲ್ಲಿಸಿದೆ.

"ಅಮ್ಮಾ, ಕೊಂಚ ಜೋರಾಗಿ ಹೇಳಿ," ಎಂದೆ ಅವರ ತಮಿಳಿನಲ್ಲೇ. "ಅತ್ತೆಗೆ ಕಿವಿ ಮಂದ."

ಅವರು ನನ್ನ ಮುಖ ನೋಡಿದರು, ತುಂಬಿದ ಪಡಸಾಲೆಯನ್ನು ನೋಡಿದರು. ನಾನು ಕದಲಲಿಲ್ಲ. ಕಣ್ಣು ಮುಚ್ಚಿಕೊಂಡು ಕೂಗಿಯೇ ಹೇಳಿದರು, "ಆ ಬಾಲ್ ಇನ್! ನಾನು ನೋಡಿದ್ದೆ!" ಗೇಟಿನ ಬಳಿ ಹೂವು ಇಳಿಸುತ್ತಿದ್ದವರೂ ತಿರುಗಿ ನೋಡಿದರು. ಯಾವ ಬಾಲು, ಏನು ಎಂದು ಯಾರಿಗೂ ತಿಳಿಯಲಿಲ್ಲ. ನಾನು ಒಬ್ಬೊಬ್ಬರಿಗೂ ವಿವರಿಸಿದೆ, ವಸಂತಮಣಿ ಅಲ್ಲೇ ನಿಂತಿರುವಾಗಲೇ.

ಆಮೇಲೆ, ಮಂಡಿ ನೋಯುತ್ತದೆ, ಕೂರಲು ಒಂದು ಕುರ್ಚಿ ಬೇಕು ಎಂದರು. ತರಿಸಿ, ಅತ್ತೆಯ ಪಕ್ಕದಲ್ಲೇ ಹಾಕಿಸಿದೆ.