ಹಳೆಯ ವ್ಯಾನು, ನನ್ನ ಸೊಂಟ

ನಮ್ಮ ವ್ಯಾನು ಮೊದಲು ಸಿಂಧನೂರಿನ ಅಕ್ಕಿ ಗಿರಣಿಯೊಂದರ ಚೀಲ ಹೊರುತ್ತಿತ್ತು. ಗಿರಣಿಯವರು ಮಾರಿದಾಗ ನಮ್ಮ ಮನೆಯವರು ಕೊಂಡು ತಂದು, ಒಳಗೆ ತಾವೇ ಹಲಗೆ ಬಡಿದು ಮಂಚ ಮಾಡಿದರು, ಒಲೆಗೊಂದು ಕಟ್ಟೆ ಮಾಡಿದರು, ಕಿಟಕಿ ಕೊರೆಸಿದರು. ಅವರದು ಕಾಲುವೆ ಕಚೇರಿಯ ನೌಕರಿ, ನನ್ನದು ಶಾಲೆಯದು. ರಜೆ ಬಂತೆಂದರೆ ಇಬ್ಬರೂ ಹೊರಟೆವು. ಸನ್ನತಿಯ ಸ್ತೂಪ, ನಾಗಪುರದ ದೀಕ್ಷಾಭೂಮಿ ಎಲ್ಲ ನೋಡಿದ್ದು ಅದರಲ್ಲೇ. ಬೇಕಾದಲ್ಲಿ ನಿಲ್ಲಿಸಿ ಅನ್ನ ಬೇಯಿಸಿಕೊಳ್ಳುವುದು, ಉಂಡು ಮಲಗುವುದು. ಮನೆ ಎಂದ ಮೇಲೆ ಚಪ್ಪಲಿ ಬಾಗಿಲ ಹೊರಗೇ. ಹತ್ತುವ ಮುನ್ನ ಬಿಡುತ್ತಿದ್ದೆವು. ಗಾಡಿ ಹೊರಡುವ ಮುನ್ನ ನಾನು ಬಗ್ಗಿ ಎತ್ತಿ ಬುಟ್ಟಿಗೆ ಹಾಕುತ್ತಿದ್ದೆ. ನಮ್ಮವರು ಓಡಿಸುವುದೂ ಬರಿಗಾಲಲ್ಲೇ.

ಹೋದ ವರ್ಷ ನನ್ನ ಸೊಂಟ ಹಿಡಿಯತೊಡಗಿತು. ಕುಲುಕಾಟ ಬೇಡವೆಂದರು ಡಾಕ್ಟರು. ವ್ಯಾನು ಹೊರಟರೆ ಕಿಟಕಿಯ ಸರಳು ಹಿಡಿದು, ಹಲ್ಲು ಕಚ್ಚಿ ಕೂರುತ್ತಿದ್ದೆ. ಹೀಗೇ ಆದರೆ ನನ್ನ ತಿರುಗಾಟ ಮುಗಿಯಿತೆಂದು ಭಯವಾಗುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಬಂದ ನೆಂಟರನ್ನೆಲ್ಲ ವ್ಯಾನಿಗೆ ಹತ್ತಿಸಿ ಒಂದೊಂದು ಮೊಳೆಯ ಕತೆ ಹೇಳುವ ಮನುಷ್ಯನಿಗೆ ಏನೆಂದು ಹೇಳಲಿ? ಕೇಳಿದಾಗಲೆಲ್ಲ ಸ್ವಲ್ಪ ನೋವು ಅಷ್ಟೇ ಎನ್ನುತ್ತಿದ್ದೆ.

ಅಡಿಯ ಸ್ಪ್ರಿಂಗ್ ಪಾಟಾ ಬದಲಾಯಿಸಿ, ದಪ್ಪನೆಯ ಗಾದಿ ಹಾಕಿದರೆ ಸಾಕೆಂದು ಅವರು ಗ್ಯಾರೇಜಿಗೆ ಒಯ್ದರು. ಮೇಸ್ತ್ರಿ ಅಡಿಗೆ ಬಗ್ಗಿ ನೋಡಿ ಎದ್ದ.

“ಹಾಕತೀನ್ರಿ ಸಾಹೇಬ್ರ. ಆದ್ರ ಇದು ಚೀಲ ಹೊರೋ ಗಾಡಿ, ಜಿಗಿಯೋದು ಜಿಗೀತೈತಿ. ಲಿಂಗಸುಗೂರಾಗ ಮಂಚ-ಗಿಂಚ ಇರೋ ವ್ಯಾನ್ ಒಂದು ಮಾರಾಕ ಬಂದೈತಂತ. ನೋಡ್ಕೊಂಡ್ ಬರ್ರಿ.”

ನಮ್ಮವರ ಮುಖ ಊದಿಕೊಂಡಿತು. “ನೋಡಿದ್ರ ಏನ್ ಗಂಟ್ ಹೋಗತೈತಿ, ನಡಿ,” ಎಂದು ಭಾನುವಾರ ಬಸ್ಸು ಹತ್ತಿಸಿದರು. ಕಾಣದ ವ್ಯಾನಿನ ತಪ್ಪುಗಳನ್ನು ದಾರಿಯುದ್ದಕ್ಕೂ ಹೇಳುತ್ತಲೇ ಬಂದರು.

ಆ ವ್ಯಾನು ಬೆಳ್ಳಗೆ, ತಗ್ಗಾಗಿತ್ತು. ಹತ್ತಲು ನನಗೆ ಯಾರ ಕೈಯೂ ಬೇಕಾಗಲಿಲ್ಲ. ಮಾರುವವನು ಕೀಲಿ ಕೊಟ್ಟು, ಊರ ಹೊರಗಿನ ತನಕ ಓಡಿಸಿ ನೋಡಿರೆಂದ. ಇಬ್ಬರೂ ರೂಢಿಯಂತೆ ಚಪ್ಪಲಿ ಬಿಟ್ಟು ಹತ್ತಿದೆವು. ಬುಟ್ಟಿಯಿಲ್ಲ, ನನಗೆ ಎತ್ತುವ ನೆನಪೂ ಇಲ್ಲ. ಸಿಂಧನೂರ ದಾರಿಗೆ ತಿರುಗುವಷ್ಟರಲ್ಲಿ ಹಿಂದಿನಿಂದ ಆ ಮನುಷ್ಯ ಕೈ ಬೀಸುತ್ತ ಕೂಗಿಕೊಂಡು ಓಡಿ ಬಂದ.

“ಕದ್ಕೊಂಡ್ ಹೊಂಟೀವಿ ಅನ್ಕೊಂಡಾನೇನ್ ಇಂವಾ!” ಎಂದು ಸಿಟ್ಟಿಗೆದ್ದ ನಮ್ಮವರು ಗಾಡಿಯನ್ನು ಇನ್ನೂ ಜೋರಾಗಿ ಓಡಿಸಿದರು.

ತಿರುಗಿ ನೋಡಿದರೆ ಅವನ ಕೈಯಲ್ಲಿ ನನ್ನ ಚಪ್ಪಲಿ! “ಬಿಡ್ರಿ, ಹೊಳ್ಳಿ ಬಂದು ಹಾಕ್ಕೊಂಡ್ರಾತು,” ಎಂದು ನಗುತ್ತ ಹಿಂದಿನ ಮಂಚಕ್ಕೆ ಒರಗಿದೆ. ಒರಗಿದ್ದು ಗೊತ್ತು, ಆಮೇಲಿನದು ಗೊತ್ತಿಲ್ಲ.

ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಮಸ್ಕಿ ಗುಡ್ಡದ ಬಂಡೆಗಳು. ಗಾಡಿ ನೆರಳಿನಲ್ಲಿ ನಿಂತಿತ್ತು. ನಮ್ಮವರು ಸ್ಟೇರಿಂಗ್ ಮೇಲೆ ಕೈಯಿಟ್ಟು ಕೂತಿದ್ದರು.

“ಮಸ್ಕಿ ತನಕ ಬಂದೀವಲ್ರಿ! ಅಂವ ಪೊಲೀಸ್ರಿಗೆ ಹೇಳ್ತಾನ.”

“ಫೋನ್ ಮಾಡೀನಿ.”

“ಏನಂತ?”

“ನಮ್ಮಾಕಿಗೆ ನಿದ್ದಿ ಹತ್ತೈತಿ, ಎಬ್ಬಸಾಕ ಮನಸ ಬರವಲ್ದು ಅಂತ.”

ರಸ್ತೆಯನ್ನೇ ನೋಡುತ್ತ ಕೇಳಿದರು, “ಈ ಒಂದು ವರ್ಷದಾಗ ನಮ್ಮ ಗಾಡ್ಯಾಗ ಒಮ್ಮೆರ ಹಿಂಗ ಮಲಗೀಯೇನು, ಓಡೋವಾಗ?”

ಮಲಗಿದ್ದೇನೆ ಎನ್ನಬಹುದಿತ್ತು. ಆದರೆ ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು, ಸುಳ್ಳು ನಿಲ್ಲುತ್ತಿರಲಿಲ್ಲ.

“ಇಲ್ರಿ,” ಎಂದೆ.

ಅವರು ಗ್ಯಾರೇಜಿನ ಮೇಸ್ತ್ರಿಗೆ ಫೋನು ಹಚ್ಚಿದರು. “ಪಾಟಾ ಬ್ಯಾಡಪ. ನಮ್ಮ ಗಾಡಿ ಮಾರೋದೈತಿ, ಗಿರಾಕಿ ಇದ್ರ ಹೇಳು,” ಎಂದರು. ಆಫೀಸಿನಲ್ಲಿ ಮಾತಾಡುವ ದನಿ ಅದು, ಮನೆಯದಲ್ಲ. ಫೋನು ಕೆಳಗಿಟ್ಟು, ನನ್ನ ಕಡೆ ತಿರುಗದೆ, “ಇನ್ನೊಂದೀಟು ಮಲಕೋ. ಸಾವಕಾಶ ಹೊಡೀತೀನಿ,” ಎಂದು ಗಾಡಿ ತಿರುಗಿಸಿದರು.

ಲಿಂಗಸುಗೂರಿನ ತನಕ ಕಣ್ಣು ಮುಚ್ಚಿಕೊಂಡೇ ಮಲಗಿದ್ದೆ. ಸೊಂಟ ಒಂದಿಷ್ಟೂ ನೋಯಲಿಲ್ಲ, ಅಳು ಮಾತ್ರ ನಿಲ್ಲಲಿಲ್ಲ.