ಸೀಸ ಸುತ್ತಿದ ಹುಂಜದ ಗರಿ

ಎಪ್ಪತ್ತರ ದಶಕದಲ್ಲಿ ಹಿರಿಯೂರಿನಲ್ಲಿ ವಯಸ್ಕರಿಗೆ ಅಕ್ಷರ ಕಲಿಸುತ್ತಿದ್ದ ನಾನು, ವೇದಾವತಿಯ ದಡದಲ್ಲಿ ಗಾಳ ಹಾಕುವ ಹಿರಿಯರೊಬ್ಬರನ್ನು ತರಗತಿಗೆ ಕರೆತರಲೇಬೇಕೆಂದು ಹಟ ಹಿಡಿದಿದ್ದೆ. ಅವರು ಮೀನನ್ನು ಮರುಳುಮಾಡಲು ಗಾಳಕ್ಕೆ ಹುಂಜದ ಗರಿ ಕಟ್ಟಿ ಸೀಸದ ತಂತಿ ಸುತ್ತುತ್ತ, ನನ್ನ ವಾದವನ್ನೆಲ್ಲ ಕೇಳಿಸಿಕೊಂಡರು.

“ಮಾತು ಚೆಂದ ಐತೆ ಮೇಷ್ಟ್ರೇ. ನೀವೊಂದು ಗರಿ ಕಟ್ರಿ. ಅದಕ್ಕೆ ಮೀನು ಕಚ್ಚಿದ್ರೆ ಬರ್ತೀನಿ.”

ಸಮತೋಲ ಬೇಕೆಂಬ ತರ್ಕದಿಂದ ನಾನು ಸೀಸವನ್ನು ಗಾಳದ ನಡುವೆ ಸುತ್ತಿದೆ. ಅದು ಕಲ್ಲಿನಂತೆ ಮುಳುಗಿತು. ಅವರು ದಾರ ಕಟ್ಟುವ ತುದಿಯಲ್ಲಿ, ಅಂದರೆ ಗರಿಯ ತಲೆಯ ಕಡೆ, ಸುತ್ತಿದ್ದರು. ಎಳೆದಾಗ ಅವರ ಗರಿ ತಲೆ ತಗ್ಗಿಸಿ, ಎತ್ತಿ, ಮರಿಮೀನಿನಂತೆ ಈಜಿತು.

“ತೂಕ ತಲೇಲಿರ್ಬೇಕು ಕಣ್ರಿ, ಹೊಟ್ಟೇಲಲ್ಲ!” ಎಂದು ನಕ್ಕರು.

ಸೋಲೊಪ್ಪಿ ಅವರ ಶಿಷ್ಯನಾದೆ. ನನ್ನ ಎಂಟನೆಯ ಗರಿಗೆ ಮೀನು ಕಚ್ಚಿದಾಗ ಅವರು ನನಗಿಂತ ಹೆಚ್ಚು ಹಿಗ್ಗಿದರು; ಅಲ್ಲೇ ಮರಳಿನಲ್ಲಿ ನನ್ನಿಂದ ‘ಅ’ ಬರೆಸಿಕೊಂಡು, ಬೆರಳಿಟ್ಟು ತಿದ್ದಿದರು.