ರುದ್ರವ್ವನ ಬಲಗೆನ್ನೆ

ವೆರಿಬೀ ಎಂಬ ಪರದೇಶದ ಊರಿನಲ್ಲಿ ಬಸ್ಸು ಹತ್ತುವವರಿಗೆಲ್ಲ ರುದ್ರವ್ವ ಗೊತ್ತು. ಹುಬ್ಬಳ್ಳಿಯ ಹೆಣ್ಣುಮಗಳು, ವಯಸ್ಸು ಐವತ್ತಾರು, ಹದಿನಾಲ್ಕು ವರ್ಷದಿಂದ ಅಲ್ಲಿಯ ಬಸ್ಸಿನ ಡ್ರೈವರ್. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಏದುಸಿರು ಬಿಡುತ್ತ ಬರುವ ಮುದುಕರಿಗಾಗಿ ಬಾಗಿಲು ತೆರೆದಿಟ್ಟು ಕಾಯುತ್ತಾಳೆ. ಗಂಡ ಬಾಳಪ್ಪ ಎಂಜಿನಿಯರು, ಮಗಳು ಪಲ್ಲವಿ ಔಷಧದ ಅಂಗಡಿಯಲ್ಲಿ ಫಾರ್ಮಸಿಸ್ಟು, ಮಗ ಸಂಕೇತನಿಗೆ ಸಿಡ್ನಿಯಲ್ಲಿ ಕೆಲಸ. ಇಂಥವಳಿಗೆ ಕನ್ನಡಿಯ ಚಿಂತೆ ಯಾಕೆ ಬರಬೇಕು ಹೇಳಿ. ಬಂತಲ್ಲ!

ಸಂಕೇತನಿಗೆ ಸಿಡ್ನಿಯ ಕೆಲ್ಲಿವಿಲ್‌ನಲ್ಲಿರುವ ಬೆಳಗಾವಿ ಕಡೆಯ ಹುಡುಗಿ ಗೊತ್ತಾಗಿದ್ದಳು. ಅವನು ರಜೆಗೆ ಮನೆಗೆ ಬಂದಿದ್ದಾಗ, ಎರಡೂ ಮನೆಯವರು ವಿಡಿಯೊ ಕಾಲ್‌ನಲ್ಲಿ ಮೊದಲ ಸಲ ಮುಖ ನೋಡಿಕೊಂಡಾಗ ಹುಡುಗಿಯ ಸೋದರತ್ತೆ ಆರತಿ, ಪಾಪ, ಕೆಟ್ಟ ಮನಸ್ಸಿನಿಂದಲ್ಲ, "ಸಂಕೇತ, ಇವರು ನಿಮ್ಮ ಅಜ್ಜಿ ಏನು?" ಎಂದು ಕೇಳಿಬಿಟ್ಟಳು. ಎಲ್ಲರೂ ನಕ್ಕರು. ರುದ್ರವ್ವನೂ ನಕ್ಕಳು. ಕಾಲ್ ಮುಗಿದ ಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಹೆತ್ತ ಮಗನ ಪಕ್ಕದಲ್ಲೇ ಕೂತು ಅಜ್ಜಿ ಅನ್ನಿಸಿಕೊಳ್ಳುವುದೆಂದರೆ ಯಾರಿಗೆ ನೋವಾಗುವುದಿಲ್ಲ? ಮದುವೆಗೆ ಇನ್ನೂ ಒಂಬತ್ತು ವಾರ. ಅಷ್ಟರೊಳಗೆ ತಾಯಿಯಂತೆ ಕಾಣಬೇಕು, ಆ ಆರತಿಗೆ ತಿರುಗಿಸಿ ಒಂದು ಮಾತು ಅನ್ನಬೇಕು ಎಂದು ಹಟ ತೊಟ್ಟಳು.

ಎಡಗೆನ್ನೆಯ ತಕರಾರೇನೂ ಇರಲಿಲ್ಲ. ಬಲಗೆನ್ನೆಯಲ್ಲಿ ಮಾತ್ರ ಕಂದು ಕಲೆಗಳು, ಕಣ್ಣಿನ ಪಕ್ಕ ಆಳವಾದ ಗೆರೆಗಳು. ಮಗಳನ್ನು ಕೇಳಬಹುದಿತ್ತು, ಆದರೆ ಈ ವಯಸ್ಸಿನಲ್ಲಿ ಅಂದದ ವಿಚಾರ ಕೇಳಲು ನಾಚಿಕೆ. ಗೆಳತಿಯರು ಹೇಳಿದ್ದು, ಫೋನು ತೋರಿಸಿದ್ದು ಎಲ್ಲ ಸೇರಿ ಗೆರೆಗೆಂದು ರೆಟಿನಾಲ್ ಒಂದು, ಕಲೆಗೆಂದು ವಿಟಮಿನ್ ಸಿ ಒಂದು, ಎಂಥದೋ ಆಸಿಡ್ ಇನ್ನೊಂದು, ಹೀಗೆ ಮೂರು ಬಾಟಲಿ ಮನೆಗೆ ಬಂದವು. ತವರಿನಲ್ಲಿ ಎಣ್ಣೆ ಹಚ್ಚುವುದೆಂದರೆ ಕಿವಿಯ ಹಿಂದಿನಿಂದ ಇಳಿಯಬೇಕು, ಇಲ್ಲದಿದ್ದರೆ ಹಚ್ಚಿದ ಹಾಗೇ ಅಲ್ಲ. ರೆಟಿನಾಲನ್ನೂ ಅದೇ ಧಾರಾಳದಲ್ಲಿ ದಿನಾಲೂ ಬಳಿದಳು. ಅದು ಸಾಲದೆಂಬಂತೆ ಶುಕ್ರವಾರದ ಕಡಲೆಹಿಟ್ಟು, ಅರಿಷಿಣ, ಲಿಂಬೆರಸ ಬೇರೆ. ನಲವತ್ತು ವರ್ಷದ ಆ ರೂಢಿಯನ್ನು ಮೂರು ಬಾಟಲಿಗಾಗಿ ಬಿಡುವವಳೇ ರುದ್ರವ್ವ?

ಎರಡನೆಯ ಶುಕ್ರವಾರ ಮುಖಕ್ಕೆ ಹಸಿಮೆಣಸಿನಕಾಯಿ ಅರೆದು ಹಚ್ಚಿದಷ್ಟು ಉರಿ. ಕೆನ್ನೆ ಕೆಂಪಾಗಿ, ಮರುದಿನ ಸಿಪ್ಪೆ ಏಳತೊಡಗಿತು. ಬಾಳಪ್ಪ ಹೆಂಡತಿಯ ಮುಖ ನೋಡಿದ, ಬಾಯಿ ತೆರೆದ, ಜಾಣನಂತೆ ಮುಚ್ಚಿಕೊಂಡ, ಮಗಳಿಗೆ ಫೋನು ಮಾಡಿದ.

ಪಲ್ಲವಿ ಬಂದವಳೇ ಬಾಟಲಿಗಳನ್ನು ಸಾಲಾಗಿ ಇಟ್ಟು ತಲೆ ಚಚ್ಚಿಕೊಂಡಳು. "ಅವ್ವ, ಇದು ಕೊಬ್ಬರಿ ಎಣ್ಣಿ ಅಲ್ಲ. ಇಡೀ ಮುಖಕ್ಕ ಒಂದು ಬಟಾಣಿ ಕಾಳಿನಷ್ಟು ಸಾಕು."

ಆಮೇಲೆ ಸಮಾಧಾನವಾಗಿ ತಿಳಿಸಿ ಹೇಳಿದಳು. ಮುಖ ಪೂರ್ತಿ ತಣ್ಣಗಾಗುವವರೆಗೆ ಚರ್ಮದ ತೇವ ಕಾಯುವ ಗ್ಲಿಸರಿನ್, ಸೆರಮೈಡ್ ಇರುವ ಸಾದಾ ಕ್ರೀಮು ಬಿಟ್ಟು ಬೇರೇನೂ ಬೇಡ. ಆಸಿಡ್ ಬೇಡವೇ ಬೇಡ, ಲಿಂಬೆಹಣ್ಣು ಅಡಿಗೆಮನೆಯಲ್ಲೇ ಇರಲಿ. ಆಮೇಲೆ ರೆಟಿನಾಲ್ ವಾರಕ್ಕೆ ಎರಡೇ ರಾತ್ರಿ. ಎಲ್ಲಕ್ಕಿಂತ ಮೊದಲು ಬೆಳಿಗ್ಗೆ ಬಿಸಿಲು ತಡೆಯುವ ಸನ್‌ಸ್ಕ್ರೀನ್. ಬಲಗೆನ್ನೆಯ ಗುಟ್ಟೂ ಆಗಲೇ ಬಿಚ್ಚಿಕೊಂಡಿತು: ಈ ದೇಶದಲ್ಲೂ ಡ್ರೈವರ್ ಕೂರುವುದು ಬಲಕ್ಕೆ, ಕಿಟಕಿಯ ಗಾಜು ಚರ್ಮ ಸುಡುವ ಬಿಸಿಲನ್ನು ತಡೆದರೂ ಮುದಿಯಾಗಿಸುವ ಕಿರಣವನ್ನು ಒಳಗೆ ಬಿಡುತ್ತದೆ. ಹದಿನಾಲ್ಕು ವರ್ಷ ಆ ಕೆನ್ನೆ ಬಿಸಿಲು ಕಾದಿದೆ. ಮದುವೆಯೊಳಗೆ ಸರಿಹೋಗುತ್ತದೆಯೇ ಎಂದು ರುದ್ರವ್ವ ಕೇಳಿದಳು. ಇಲ್ಲ, ಮೂರು ನಾಲ್ಕು ತಿಂಗಳಾದರೂ ಬೇಕು, ಆಗಲೂ ಗೆರೆಗಳು ತಿಳಿಯಾಗುತ್ತವೆ, ಅಳಿಸಿಹೋಗುವುದಿಲ್ಲ ಎಂದಳು ಮಗಳು. ಆದರೂ ರುದ್ರವ್ವ ಹೇಳಿದಷ್ಟನ್ನು ಚಾಚೂ ತಪ್ಪದೆ ಮಾಡಿದಳು. ಮದುವೆ ಬರುವಷ್ಟರಲ್ಲಿ ಕೆಂಪು ಇಳಿಯಿತು, ಕಲೆಗಳು ಇದ್ದಲ್ಲೇ ಇದ್ದವು.

ಕೆಲ್ಲಿವಿಲ್‌ನ ಹುಡುಗಿಯ ಮನೆಯ ಹಿತ್ತಿಲಲ್ಲಿ ಎರಡೂ ಕಡೆಯವರ ಅರಿಷಿಣ ಶಾಸ್ತ್ರ. ರುದ್ರವ್ವನ ಮನೆತನದಲ್ಲಿ ಮದುಮಗನ ಜೊತೆ ತಾಯಿಗೂ ಹಚ್ಚುತ್ತಾರೆ. ಬಟ್ಟಲು ಹಿಡಿದು ಮೊದಲು ಬಂದವಳು ಬೇರೆ ಯಾರೂ ಅಲ್ಲ, ಆರತಿ. ಬಟ್ಟಲಿನಿಂದ ಲಿಂಬೆಯ ವಾಸನೆ ಘಮ್ಮೆಂದಿತು. ರುದ್ರವ್ವ ಮುಖ ಹಿಂದಕ್ಕೆ ತೆಗೆದುಕೊಂಡು, ಮುಖಕ್ಕೆ ಬೇಡ, ಕೈಕಾಲಿಗೆ ಹಚ್ಚಿ ಎಂದಳು. ಹೆಂಗಸರೆಲ್ಲ ಹುಬ್ಬೇರಿಸಿದರು. ಮದುವೆ ಮನೆಯಲ್ಲಿ ಹುಡುಗನ ತಾಯಿ ಅರಿಷಿಣ ಬೇಡವೆನ್ನುವುದೇ? ಸುಳ್ಳು ಹೇಳಲು ಬಾರದ ರುದ್ರವ್ವ ಬಟಾಣಿ ಕಾಳಿನಿಂದ ಹಿಡಿದು ಕಿಟಕಿಯ ಗಾಜಿನವರೆಗೆ ಎಲ್ಲವನ್ನೂ ಒದರಿಬಿಟ್ಟಳು.

ಹೇಳುತ್ತಲೇ ಎದುರಿನ ಮುಖ ನೋಡಿದಳು. ಬೆಳಗಿನ ಬಿಸಿಲಿನಲ್ಲಿ, ಪೌಡರ್ ಇಲ್ಲದ ಆರತಿಯ ಬಲಗೆನ್ನೆಯ ಮೇಲೆ ತನ್ನವಕ್ಕಿಂತ ದೊಡ್ಡ ಕಲೆಗಳು. ಎರಡು ತಿಂಗಳಿಂದ ಕಾದಿಟ್ಟ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಆ ಮಾತು ಎಷ್ಟು ಉರಿಯುತ್ತದೆಂದು ರುದ್ರವ್ವನಿಗಿಂತ ಚೆನ್ನಾಗಿ ಬಲ್ಲವರು ಯಾರು? ನುಂಗಿಕೊಂಡಳು. "ನೀವು ಎಷ್ಟು ವರ್ಷ ಆತ್ರಿ ಕಾರ್ ಓಡಸಾಕತ್ತು?" ಎಂದಷ್ಟೇ ಕೇಳಿದಳು.

"ಇಪ್ಪತ್ತೆರಡು" ಎಂದ ಆರತಿಯ ಕೈ ತಾನಾಗಿಯೇ ಬಲಗೆನ್ನೆಗೆ ಹೋಯಿತು. ಅಲ್ಲಿದ್ದ ಹೆಂಗಸರೆಲ್ಲ ಕಾರು ಓಡಿಸುವವರೇ. ಒಬ್ಬರ ಗದ್ದ ಇನ್ನೊಬ್ಬರು ಹಿಡಿದು, ಬಲಕ್ಕೆ ತಿರುಗಿಸಿ, ಎಡಕ್ಕೆ ತಿರುಗಿಸಿ, ಹಿತ್ತಿಲ ತುಂಬ ನಗುವೋ ನಗು. ರುದ್ರವ್ವ ತನ್ನ ಚೀಲದಿಂದ ಸನ್‌ಸ್ಕ್ರೀನ್ ತೆಗೆದು ಆರತಿಯ ಕೈಗೆ ಹಾಕಿ, ನಾಳೆಯಿಂದ ದಿನಾ ಹಚ್ಚಿಕೊಳ್ಳಿ ಎಂದಳು. ಆರತಿ ಅದನ್ನು ಜೋಪಾನವಾಗಿ ತೆಗೆದಿಟ್ಟು ರುದ್ರವ್ವನ ಪಾದಕ್ಕೂ ಕೈಗೂ ದಪ್ಪಗೆ ಅರಿಷಿಣ ಹಚ್ಚಿದಳು.

ಅಷ್ಟರಲ್ಲಿ ಫೋಟೊದವನು ಮದುಮಗನನ್ನು ಕರೆದು ಕ್ಯಾಮೆರಾ ಎತ್ತಿದ. ಆರತಿ ಅಡ್ಡ ಕೈ ಹಿಡಿದಳು. "ತಡೀರಿ. ಹುಡುಗನ ತಾಯಿ ಇಲ್ಲೇ ಅದಾರ, ಅವರು ಬರಲಿ."

ರುದ್ರವ್ವ ಎದ್ದು ಹೋಗಿ ಮಗನ ಬಲಕ್ಕೆ ನಿಂತು ಅವನ ಮುಖ ನೋಡಿದಳು. ಅವಳ ಬಲಗೆನ್ನೆ ಕ್ಯಾಮೆರಾದ ಕಡೆಗಿತ್ತು. ಇರಲಿ ಎಂದುಕೊಂಡು ಹಾಗೆಯೇ ನಿಂತಳು.